ಇಪ್ಪತ್ತು ನಿಮಿಷ ದೂರದ ಇಟಲಿ

ನಮ್ಮ ಮನೆ ಅಮೆರಿಕದ ಶ್ಯಾಂಟಿಲಿಯಲ್ಲಿ. ಇಟಾಲಿಯನ್ ಕಲಿಯಲೆಂದು ನಾನು ಹೋಗಿ ಇದ್ದ ಮನೆ ಆಲ್ಡಿಯಲ್ಲಿ. ನಡುವೆ ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಮೈಸೂರು ಬಿಟ್ಟು ಅಮೆರಿಕಕ್ಕೆ ಹೊರಟಾಗ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ, ಚಟ್ನಿಪುಡಿ ಕಟ್ಟಿಕೊಟ್ಟು ಕಳಿಸಿದ್ದರು. ಈ ಇಪ್ಪತ್ತು ನಿಮಿಷದ ದಾರಿಗೆ ಮಾತ್ರ ನಾನು ಊರಿಗೆಲ್ಲ ಲೆಕ್ಕ ಒಪ್ಪಿಸಬೇಕಾಯಿತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೊದಲು ಕಾರಣ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ಯಾರೂ ಪೂರ್ತಿ ಹೇಳಲು ಬಿಡಲಿಲ್ಲ. ನಾನು ಗಂಡನ ವೀಸಾದ ಬೆನ್ನಿಗೆ ಬಂದವಳು. ಆ ವೀಸಾದಲ್ಲಿ ನಾನು ಕೆಲಸ ಮಾಡುವ ಹಾಗಿರಲಿಲ್ಲ. ನಮಗೆ ಮಕ್ಕಳಿಲ್ಲ. ಚಿಕ್ಕಂದಿನಲ್ಲಿ ಕಲಿತ ಪಿಟೀಲು ಕೈಯಲ್ಲಿತ್ತು. ಸುತ್ತಮುತ್ತಲ ಕನ್ನಡದ ಮನೆಗಳ ಮಕ್ಕಳೆಲ್ಲ ಪಿಟೀಲು ಕಲಿಯುತ್ತಾರೆ, ಚಳಿಗಾಲದಲ್ಲಿ ಹೀಟರಿನ ಒಣ ಗಾಳಿಗೆ ಅವರ ವಾದ್ಯಗಳ ಬಿರಡೆ ಸಡಿಲವಾಗುತ್ತದೆ, ತಂತಿ ಹೊರುವ ಕುದುರೆ ಬಿದ್ದುಹೋಗುತ್ತದೆ, ಮರ ಸೀಳು ಬಿಡುತ್ತದೆ. ಅವೆಲ್ಲ ನನ್ನ ಡೈನಿಂಗ್ ಟೇಬಲ್ಲಿಗೆ ಬರುತ್ತಿದ್ದವು. ಕೆಡಿಸಿ, ಮತ್ತೆ ಮಾಡಿ, ವಿಡಿಯೋ ನೋಡಿ ನೋಡಿ ಕೈ ಕೂತಿತು. ನಾನು ಅಂಟಿಸಿದ ಸೀಳೊಂದನ್ನು ನೋಡಿದ ಒಬ್ಬ ಹಳೆಯ ಪಿಟೀಲು ವ್ಯಾಪಾರಿ, ಇಟಲಿಯಲ್ಲಿ ವಾದ್ಯಗಳ ರಿಪೇರಿಗೆಂದೇ ಒಂದು ವರ್ಷದ ಕೋರ್ಸು ಇದೆಯೆಂದೂ ಅದಕ್ಕೆ ಅರ್ಜಿ ಹಾಕಬೇಕೆಂದೂ ಹೇಳಿದರು. ಹಾಕಿದೆ. ನನ್ನ ಕೆಲಸದ ಫೋಟೋಗಳು ಅವರಿಗೆ ಹಿಡಿಸಿದವು. ಉಳಿದದ್ದು ಒಂದೇ: 2022ರ ಏಪ್ರಿಲ್ ಕೊನೆಯಲ್ಲಿ ವಿಡಿಯೋ ಮೂಲಕ ಇಟಾಲಿಯನ್‌ನಲ್ಲಿ ಅರ್ಧ ಗಂಟೆಯ ಸಂದರ್ಶನ. ಅದು ಗೆದ್ದರೆ ಸೆಪ್ಟೆಂಬರಿನಲ್ಲಿ ಸೀಟು. ಸೋತರೆ ಅಲ್ಲಿಗೆ ಮುಗಿಯಿತು, ಏಕೆಂದರೆ ಮುಂದಿನ ವರ್ಷಕ್ಕೆ ನಾನು ಅವರ ವಯಸ್ಸಿನ ಮಿತಿ ದಾಟುತ್ತಿದ್ದೆ.

ಹರ್ನ್‌ಡನ್‌ನಲ್ಲಿ ಸಂಜೆ ಹೊತ್ತು ನಡೆಯುವ ಇಟಾಲಿಯನ್ ಕ್ಲಾಸಿಗೆ ಎರಡು ವರ್ಷದಿಂದ ಹೋಗುತ್ತಿದ್ದೆ. ಕೋವಿಡ್ ಕಾಲದಲ್ಲಿ ಅದೂ ಕಂಪ್ಯೂಟರಿನ ಮುಂದೆಯೇ. ಓದಲು ಬಂತು, ಬರೆಯಲು ಬಂತು, ಬಾಯಿ ಮಾತ್ರ ತೆರೆಯಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಉತ್ತರವನ್ನು ಕನ್ನಡದಲ್ಲಿ ಜೋಡಿಸಿ, ಇಂಗ್ಲಿಷಿಗೆ ತಂದು, ಅಲ್ಲಿಂದ ಇಟಲಿಗೆ ಸಾಗಿಸುವಷ್ಟರಲ್ಲಿ ಕೇಳಿದವರು ಬೇರೆಯವರ ಕಡೆ ತಿರುಗಿರುತ್ತಿದ್ದರು. ಇದನ್ನು ನೋಡಿ ನೋಡಿ ಬೇಸತ್ತ ನಮ್ಮ ಟೀಚರ್, ಇಟಾಲಿಯನ್ ಮನೆಯೊಂದರಲ್ಲಿ ನಾಲ್ಕು ವಾರ ಇದ್ದು ಬಾ ಎಂದರು. ಅಂಥ ಏರ್ಪಾಡು ಅವರಲ್ಲಿತ್ತು. ಷರತ್ತು ಇಷ್ಟೆ: ಆ ನಾಲ್ಕು ವಾರ ಬೇರೆ ಭಾಷೆ ಮುಟ್ಟುವಂತಿಲ್ಲ, ಫೋನಿನಲ್ಲೂ ಇಲ್ಲ. ಗಂಡನ ಜೊತೆ ಮಾತಾಡಲೇಬೇಕಿದ್ದರೆ ಮನೆಯ ಹೊರಗೆ, ಐದು ನಿಮಿಷ.

ಗಂಡನಿಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಲ್ಲ ಕಣೇ, ಇಟಲಿಗೆ ಹೋಗೋಕೆ ಆಲ್ಡಿ ಮೇಲೇ ಹೋಗ್ಬೇಕಾ? ಡಲ್ಲಸ್ ಏರ್‌ಪೋರ್ಟಲ್ಲಿ ಫ್ಲೈಟೇ ಸಿಗುತ್ತಲ್ಲ!"

"ತಮಾಷೆ ಬೇಡ. ಇಂಟರ್‌ವ್ಯೂಗೆ ಬೇರೆ ದಾರಿ ಇಲ್ಲ."

"ಹೋಗು ಮಾರಾಯ್ತಿ, ನಾನೆಲ್ಲಿ ಬೇಡ ಅಂದೆ? ನಾಲ್ಕು ವಾರ ರೆಸ್ಟ್ ತಗೊಂಡ ಹಾಗಾಯ್ತು."

ಸೂಟ್‌ಕೇಸನ್ನು ಅವನೇ ಕಾರಿಗೆ ಎತ್ತಿಟ್ಟ. ದಾರಿಯುದ್ದಕ್ಕೂ ಇಟಾಲಿಯನ್ ಧಾಟಿಯಲ್ಲಿ ಕೈ ಬೀಸುತ್ತಾ ಕನ್ನಡ ಮಾತಾಡಿದ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ನಾನು ಮನಸ್ಸಿನಲ್ಲೇ ಹಿಗ್ಗಿದೆ.

ಆಲ್ಡಿಯ ಆ ಬಡಾವಣೆಯಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಮೊದಲ ವಾರ ನಾನು ಎರಡು ಸಲ ಪಕ್ಕದ ಮನೆಯ ಬೆಲ್ ಒತ್ತಿದೆ. ಮನೆಯೊಡತಿ ಅರವತ್ತು ದಾಟಿದ ಹೆಂಗಸು, ದಕ್ಷಿಣ ಇಟಲಿಯಿಂದ ಬಂದು ಮೂವತ್ತು ವರ್ಷವಾಗಿತ್ತು. ಅವರನ್ನು ಸಿನ್ಯೋರಾ ಎಂದು ಕರೆಯಬೇಕು, ನಮ್ಮಲ್ಲಿ 'ಅಮ್ಮಾವ್ರೇ' ಅಂದಂತೆ. ಅವರ ಗಂಡ ಮನೆಗಳಿಗೆ ಟೈಲ್ಸ್ ಹಾಕುವ ಕೆಲಸದವರು. ಅವರು ದಿನಕ್ಕೆ ಎರಡು ಮಾತು ಆಡುತ್ತಿದ್ದರು, ಬೆಳಿಗ್ಗೆ ಒಂದು ನಮಸ್ಕಾರ, ರಾತ್ರಿ ಒಂದು ನಮಸ್ಕಾರ. ನಡುವೆ ಟಿವಿಯಲ್ಲಿ ಫುಟ್‌ಬಾಲ್. ಹಾಗಾಗಿ ನನ್ನ ಇಟಾಲಿಯನ್ ಎಲ್ಲ ಸಿನ್ಯೋರಾ ಒಬ್ಬರಿಂದಲೇ ಬರಬೇಕಿತ್ತು.

ಆ ಪುಣ್ಯಾತ್ಗಿತ್ತಿ ನನ್ನ ಜೊತೆ ಇಂಗ್ಲಿಷ್ ಮಾತಾಡಿದರು! ಅದೂ ಜೋರಾಗಿ, ನಾನು ಕಿವುಡಿ ಅನ್ನುವ ಹಾಗೆ. ಹೊರಗಿನವರ ಜೊತೆ ಇಂಗ್ಲಿಷ್ ಆಡುವುದೇ ಮರ್ಯಾದೆ ಎಂದು ಅವರು ಮೂವತ್ತು ವರ್ಷದಿಂದ ನಂಬಿದ್ದರು. ನಾನು ಕಷ್ಟಪಟ್ಟು ಇಟಾಲಿಯನ್‌ನಲ್ಲಿ ಒಂದು ವಾಕ್ಯ ಹೊರಡಿಸಿದರೆ, ಅದು ಮುಗಿಯುವ ಮೊದಲೇ ತಿದ್ದಿ, ಉತ್ತರವನ್ನು ಇಂಗ್ಲಿಷಿನಲ್ಲಿ ಕೊಡುತ್ತಿದ್ದರು. ಮೊದಲ ವಾರ ಪೂರ್ತಿ ಹೀಗೇ ಹೋಯಿತು. ರೂಮಿನ ಬಾಗಿಲು ಹಾಕಿಕೊಂಡು ದಿಂಬಿಗೆ ಗುದ್ದಿದ್ದೇನೆ.

ಆಮೇಲೆ ಒಂದು ಉಪಾಯ ಗೊತ್ತಾಯಿತು. ಸಿನ್ಯೋರಾಗೆ ಸಿಟ್ಟು ಬಂದಾಗ ಮಾತ್ರ ಅವರ ಬಾಯಲ್ಲಿ ಇಟಾಲಿಯನ್ ಬರುತ್ತಿತ್ತು. ಮತ್ತು ಅವರಿಗೆ ಸಿಟ್ಟು ಬರಿಸುವುದು ಸುಲಭ. ಆ ಮನೆಯಲ್ಲಿ ಒಳಗೂ ಚಪ್ಪಲಿ ಹಾಕಬೇಕು, ಅಡಿಗೆಮನೆಯಲ್ಲೂ. ತಣ್ಣಗಿನ ಟೈಲ್ಸ್ ಮೇಲೆ ಬರಿಗಾಲಲ್ಲಿ ನಡೆದರೆ ಶೀತ ನೇರ ಹೊಟ್ಟೆಗೆ ಏರುತ್ತದೆ ಎಂದು ಅವರ ವಾದ. ನನಗೋ ಒಲೆಯ ಮುಂದೆ ಚಪ್ಪಲಿ ಹಾಕಿ ನಿಲ್ಲುವುದೆಂದರೆ ಕಾಲು ಮುಂದಕ್ಕೇ ಬರದು. ದಿನಾ ಬೆಳಿಗ್ಗೆ ಬರಿಗಾಲಲ್ಲಿ ಅಡಿಗೆಮನೆಗೆ ಹೋಗಿ ನಿಲ್ಲುತ್ತಿದ್ದೆ, ಸಿನ್ಯೋರಾ ಶುರು ಮಾಡುತ್ತಿದ್ದರು. ಇನ್ನೂ ಬೇಕೆನಿಸಿದರೆ ಒದ್ದೆ ಕೂದಲಲ್ಲಿ ಬಾಗಿಲಾಚೆ ಹೋಗುವುದು. ಅದೂ ಸಾಲದಿದ್ದರೆ ಮಧ್ಯಾಹ್ನದ ಊಟವಾದ ಮೇಲೆ ಕಾಫಿಗೆ ಹಾಲು ಕೇಳುವುದು, ಊಟದ ಮೇಲೆ ಹಾಲು ಅರಗುವುದಿಲ್ಲವೆಂಬುದು ಅವರ ಶಾಸ್ತ್ರ. ಹಾಲು ಕೇಳಿದ ದಿನ ಮುಕ್ಕಾಲು ಗಂಟೆ ಪಾಠ ಗ್ಯಾರಂಟಿ.

ಹೀಗೆ ಬೈಸಿಕೊಂಡು ಬೈಸಿಕೊಂಡು ಕಿವಿ ಪಳಗಿತು. ಅವರು ಎಷ್ಟೇ ವೇಗವಾಗಿ ಮಾತಾಡಿದರೂ ಅರ್ಥವಾಗುತ್ತಿತ್ತು. ಆದರೆ ತಿರುಗಿ ಏನಾದರೂ ಹೇಳೋಣವೆಂದರೆ ನಾಲಿಗೆ ಅಂಟಿಕೊಂಡುಬಿಡುತ್ತಿತ್ತು. ಹಿರಿಯರು ಬಯ್ಯುವಾಗ ಎದುರಾಡದೆ ನಿಲ್ಲುವುದನ್ನು ನಮಗೆ ಎಳವೆಯಲ್ಲೇ ಕಲಿಸಿಬಿಟ್ಟಿರುತ್ತಾರೆ. ಬಯ್ಗುಳ ಯಾವ ಭಾಷೆಯದಾದರೂ ನನ್ನ ತಲೆ ತಾನಾಗಿ ಬಗ್ಗುತ್ತಿತ್ತು. ಸಂದರ್ಶನ ಹತ್ತಿರ ಬರುತ್ತಿತ್ತು.

ಊಟದ್ದು ಇನ್ನೊಂದು ರಾಮಾಯಣ. ನಾನು ಮಾಂಸ ತಿನ್ನುವುದಿಲ್ಲ ಎಂದರೆ ಅವರು ಒಪ್ಪಿದರು. ಆದರೆ ಮೀನು ಮಾಂಸವಲ್ಲ, ರುಚಿಗೆಂದು ಹಾಕಿದ ಹಂದಿಯ ಚೂರುಗಳೂ ಮಾಂಸವಲ್ಲ ಅನ್ನುವುದು ಅವರ ಲೆಕ್ಕ. ನಾನು ಬರೀ ಬ್ರೆಡ್ಡು, ಚೀಸು, ಟೊಮೆಟೊ ತಿಂದು ಸೊರಗುತ್ತಿದ್ದೇನೆಂದು ತಿಳಿದ ಗಂಡ, ಸಂಜೆ ಕೆಲಸ ಮುಗಿಸಿ ಒಂದು ಡಬ್ಬಿಯಲ್ಲಿ ಸಾರನ್ನ, ಇನ್ನೊಂದರಲ್ಲಿ ಮೊಸರನ್ನ ತರತೊಡಗಿದ. ಒಳಗೆ ಕನ್ನಡ ಆಡುವಂತಿಲ್ಲವಲ್ಲ, ಕಾರು ನಿಲ್ಲಿಸಿ ಅದರಲ್ಲೇ ಕೂತಿರುತ್ತಿದ್ದ. ನಾನು ಹೋಗಿ ಪಕ್ಕದ ಸೀಟಿನಲ್ಲಿ ಕೂತು ಗಬಗಬ ತಿಂದು, ಡಬ್ಬಿ ವಾಪಸ್ ಕೊಟ್ಟು ಬರುತ್ತಿದ್ದೆ.

ಇದನ್ನೆಲ್ಲ ಸಿನ್ಯೋರಾ ಕಿಟಕಿಯ ಪರದೆ ಸರಿಸಿ ದಿನಾ ನೋಡುತ್ತಿದ್ದರು. ನಲವತ್ತು ದಾಟಿದ ಹೆಂಗಸು ಇಪ್ಪತ್ತು ನಿಮಿಷದ ಮನೆ ಬಿಟ್ಟು ಬಂದು ಪರರ ಮನೆಯಲ್ಲಿದ್ದಾಳೆ. ಗಂಡ ದಿನಾ ಬಂದು ಕಾರಿನಲ್ಲಿ ಕಾಯುತ್ತಾನೆ, ಒಳಗೆ ಕಾಲಿಡುವುದಿಲ್ಲ, ಊಟ ಕೊಟ್ಟು ಓಲೈಸುತ್ತಾನೆ. ಅವಳು ಐದು ನಿಮಿಷಕ್ಕೆ ಎದ್ದು ಬರುತ್ತಾಳೆ. ಸಿನ್ಯೋರಾ ಮನಸ್ಸಿನಲ್ಲಿ ಇದಕ್ಕೊಂದು ಕತೆ ಕಟ್ಟಿಕೊಂಡಿದ್ದರು, ಗಂಡನಿಗೆ ಹೆದರಿ ಓಡಿಬಂದವಳು, ಭಾಷೆ ಬರೀ ನೆಪ ಎಂದು. ಅವರ ಟೈಲ್ಸ್ ಯಜಮಾನರು ಒಂದು ಸಂಜೆ ಟಿವಿ ಬಿಟ್ಟು ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತರು. ನನಗೆ ಕಾವಲು ನಿಂತದ್ದೆಂದು ಆಗ ತಿಳಿಯಲಿಲ್ಲ, ಗಾಳಿಗೆ ಬಂದಿದ್ದಾರೆ ಅಂದುಕೊಂಡೆ.

ಇತ್ತ ನಮ್ಮವರು ಸುಮ್ಮನಿರುತ್ತಾರೆಯೇ? ಇಲ್ಲಿ ವಾರಾಂತ್ಯ ನೋಡಿಕೊಂಡು ತಡವಾಗಿ ಮಾಡುವ ಯುಗಾದಿಯ ಕಾರ್ಯಕ್ರಮಕ್ಕೆ ಗಂಡ ಒಬ್ಬನೇ ಹೋದ. ನಾನೆಲ್ಲಿ ಎಂದು ಒಬ್ಬರು ಕೇಳಿದರೆ "ಆಲ್ಡಿಲಿದಾಳೆ" ಅಂದನಂತೆ. ಯಾಕೆ ಎಂದರೆ "ಒಬ್ರ ಮನೇಲಿ ಇದಾಳೆ, ಮುಂದೆ ಇಟಲಿಗಂತೆ" ಅಂದನಂತೆ. ಹೇಳಿ ನಕ್ಕನಂತೆ. ಅವನಿಗೆ ಅದು ದೊಡ್ಡ ಜೋಕು. ಹೋಳಿಗೆಯ ಸಾಲಿನಲ್ಲಿ ನಿಂತಿದ್ದವರಿಗೆ ಮಾತ್ರ ಅದು ಹೆಂಡತಿ ಬಿಟ್ಟುಹೋದ ಗಂಡಸು ನಗುನಗುತ್ತಾ ದುಃಖ ಮರೆಮಾಚುವಂತೆ ಕಂಡಿತು. ಆ ಸಂಜೆಯಿಂದ ನನ್ನ ಫೋನು ಬಡಿದುಕೊಳ್ಳತೊಡಗಿತು. ಷರತ್ತಿನ ಪ್ರಕಾರ ನಾನು ಎತ್ತಲಿಲ್ಲ. ಎತ್ತದೆ ಇದ್ದದ್ದರಿಂದ ಸುದ್ದಿ ಖಚಿತವಾಯಿತು.

"ನೀನು ನೆಟ್ಟಗೆ ಹೇಳೋಕಾಗಲ್ವಾ?" ಎಂದು ಕಾರಿನಲ್ಲಿ ಗಂಡನ ಮೇಲೆ ಹಾರಿಬಿದ್ದೆ.

"ಬಿಡೇ, ಎಂಟರ್‌ಟೈನ್‌ಮೆಂಟ್ ಸಿಕ್ತು ಅವರಿಗೆ. ಇನ್ನೊಂದ್ ವಾರ, ನೀನು ಮನೇಗೆ ಬಂದ್ಮೇಲೆ ಎಲ್ಲ ಸರಿಹೋಗುತ್ತೆ" ಅಂದ.

ಸಂದರ್ಶನದ ಹಿಂದಿನ ದಿನ ಮಧ್ಯಾಹ್ನ ಬೆಲ್ ಆಯಿತು. ಬಾಗಿಲಲ್ಲಿ ನಮ್ಮ ಬಳಗದ ಹಿರಿಯ ಆಂಟಿ. ಧಾರವಾಡದವರು, ಇಲ್ಲಿ ಡಾಕ್ಟರಾಗಿದ್ದು ನಿವೃತ್ತರಾದವರು. ಯಾರ ಮನೆಯಲ್ಲಿ ಏನಾದರೂ ಮೊದಲು ಹೋಗಿ ನಿಲ್ಲುವವರು ಅವರೇ. ನನ್ನ ಗಂಡನಿಂದ ವಿಳಾಸ ಪಡೆದು, ಅಂಕಲ್ಲನ್ನು ಕಾರಿನಲ್ಲೇ ಕೂರಿಸಿ, ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ಬಂದಿದ್ದರು.

"ಫೋನ್ ಯಾಕ ಎತ್ತೂದಿಲ್ಲವ್ವ? ನಾವೇನ್ ಸತ್ತೇವೇನು? ಶೇಂಗಾ ಹೋಳಿಗಿ ತಂದೀನಿ, ತಿನ್ನು. ತಿಂದು ಎದ್ದ ನಡಿ ಮನಿಗೆ."

ಸಿನ್ಯೋರಾ ಹಿಂದೆಯೇ ಬಂದರು. ಬಂದವರು ಗಂಡನ ಕಡೆಯವರೆಂದು ಒಂದೇ ನೋಟಕ್ಕೆ ತೀರ್ಮಾನಿಸಿ, ಆಂಟಿಯನ್ನು ಸೋಫಾದಲ್ಲಿ ಕೂರಿಸಿ, ಕಾಫಿ ಬಟ್ಟಲನ್ನು ಟಣ್ಣೆಂದು ಮುಂದಿಟ್ಟು, ನನ್ನ ಪಕ್ಕ ಅಂಟಿಕೊಂಡು ಕೂತರು. ಅವರಿಗೆ ಆಗಲೇ ಸಿಟ್ಟು ಬಂದಿತ್ತು, ಹಾಗಾಗಿ ಇಂಗ್ಲಿಷ್ ಹೋಗಿಬಿಟ್ಟಿತ್ತು.

"ಈ ಹುಡುಗಿ ನನ್ನ ಮನೇಲಿ ಇರ್ತಾಳೆ ಅಂತ ಹೇಳು ಅವರಿಗೆ. ಎಷ್ಟು ದಿನ ಬೇಕಾದರೂ ಇರ್ತಾಳೆ" ಎಂದರು ಇಟಾಲಿಯನ್‌ನಲ್ಲಿ.

"ಏನಂತಾಳ ಈಕಿ?" ಎಂದರು ಆಂಟಿ.

ನಾನು ಕನ್ನಡದಲ್ಲಿ ಹೇಳಿದೆ. ಆಂಟಿ ಕೆರಳಿದರು.

"ಹೇಳಾಕಿ ಈಕಿ ಯಾರು? ಜಗಳ ಯಾರ ಮನ್ಯಾಗಿಲ್ಲ? ಅಂವಾ ದಿನಾ ಬುತ್ತಿ ತರತಾನಂತ. ಇಂಥಾ ಹುಡುಗನ್ನ ಬಿಟ್ಟು ಬರೂದಂದ್ರೇನು, ಕೇಳು ಆಕಿಗೆ."

ನಾನು ಇಟಾಲಿಯನ್‌ನಲ್ಲಿ ಕೇಳಿದೆ. ದಿನಾ ಬರುವವನೇ ಅಪಾಯದವನು, ನಮ್ಮೂರಲ್ಲಿ ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ ಎಂದು ಸಿನ್ಯೋರಾ ಬೆರಳು ಕುಣಿಸಿದರು. ಅದನ್ನು ಕನ್ನಡಕ್ಕೆ ತಂದೆ. ನಮ್ಮ ಹುಡುಗ ಅಂಥವನಲ್ಲ ಎಂದು ಆಂಟಿ ಎದ್ದು ನಿಂತರು, ಅದನ್ನು ಇಟಾಲಿಯನ್‌ಗೆ ಒಯ್ದೆ. ಇಬ್ಬರೂ ಜಗಳವಾಡುತ್ತಿದ್ದದ್ದು ನನ್ನ ಬಗ್ಗೆ, ನನ್ನ ಬಾಯಿಯಿಂದಲೇ. ನನ್ನನ್ನು ಮಾತ್ರ ಇಬ್ಬರೂ ಏನೂ ಕೇಳಲಿಲ್ಲ. ಹಾಗೆ ಎಷ್ಟು ಹೊತ್ತು ನಡೆಯಿತೋ, ಕೊನೆಗೆ ನನ್ನ ತಲೆ ಕೆಟ್ಟುಹೋಯಿತು.

ಎದ್ದು ನಿಂತು ಕಿರುಚಿದೆ. ನಾನು ಯಾರನ್ನೂ ಬಿಟ್ಟು ಬಂದಿಲ್ಲ, ನನ್ನ ಗಂಡ ಸಾಧು, ಅವನು ತರುವುದು ಬರೀ ಮೊಸರನ್ನ, ನಿಮ್ಮ ಹಂದಿ ಚೂರುಗಳ ಕಾಟಕ್ಕೆ ಅದನ್ನು ತಿನ್ನುತ್ತಿದ್ದೇನೆ, ನನಗೆ ಒಡೆದ ಪಿಟೀಲು ಕೂಡಿಸುವ ಕೆಲಸ ಬೇಕು, ಅದಕ್ಕೆ ನಾಳೆ ಮಾತಾಡಬೇಕು, ನಾಲ್ಕು ವಾರದಿಂದ ಈ ಮನೆಯಲ್ಲಿ ನನಗೆ ಮಾತಾಡಲು ಯಾರೂ ಬಿಟ್ಟಿಲ್ಲ! ಉಸಿರು ತೆಗೆದುಕೊಳ್ಳಲು ನಿಂತಾಗ ಗೊತ್ತಾಯಿತು, ಅಷ್ಟನ್ನೂ ಇಟಾಲಿಯನ್‌ನಲ್ಲೇ ಹೇಳಿದ್ದೆ. ಸಿನ್ಯೋರಾ ಒಂದು ತಪ್ಪನ್ನೂ ತಿದ್ದಲಿಲ್ಲ.

ಆಂಟಿಗೆ ಮತ್ತೆ ಕನ್ನಡದಲ್ಲಿ ಹೇಳಬೇಕಾಯಿತು. ಈ ಸಲ ಮೆತ್ತಗೆ ಹೇಳಿದೆ. ಕೋರ್ಸು, ಸಂದರ್ಶನ, ಸೆಪ್ಟೆಂಬರ್, ಒಂದು ವರ್ಷ. ಅವರು ನಾನು ಹೇಳಿ ಮುಗಿಸುವ ತನಕ ಕೇಳಿ, ಡಬ್ಬಿಯ ಮುಚ್ಚಳ ತೆಗೆದು ಒಂದು ಹೋಳಿಗೆ ಸಿನ್ಯೋರಾಗೆ, ಒಂದು ನನಗೆ ಕೊಟ್ಟರು.

"ಹಂಗಾರ ನೀ ಹೊಂಟಿ ಅನ್ನು."

"ಸೀಟು ಸಿಕ್ಕಿದ್ರೆ, ಆಂಟಿ."

"ಸಿಗತದ. ಈಗ ಕೇಳಿದ್ನಲ್ಲ ನಿನ್ನ ಬಾಯಿ. ನಿನ್ನ ಗಂಡನ ಜೋಡಿ ಕುಂತು ಮಾತಾಡೀಯೇನು?"

"ಅವರಿಗೆ ಎಲ್ಲ ಗೊತ್ತು ಆಂಟಿ. ಸೂಟ್‌ಕೇಸ್ ಎತ್ತಿಟ್ಟಿದ್ದೇ ಅವರು."

"ಅದಲ್ಲ ನಾ ಕೇಳಿದ್ದು. ಕುಂತು ಮಾತಾಡೀಯೇನಂದೆ."

ಬಿಟ್ಟಂತೆ ಬಿಟ್ಟು ಮತ್ತೆ ಅದೇ ರಾಗ ಎಂದು ನನಗೆ ರೇಗಿಹೋಯಿತು. ಮಾತಾಡಿದ್ದೇನೆ ಎಂದು ಹೇಳಿ ಅವರನ್ನು ಕಳಿಸಿಕೊಟ್ಟೆ.

ಮರುದಿನ ಬೆಳಿಗ್ಗೆ ಸಂದರ್ಶನ. ಪರದೆಯ ಮೇಲೆ ಮೂವರು. ಒಂದು ಸೀಳನ್ನು ಹೇಗೆ ಕೂಡಿಸುತ್ತೀ, ಯಾವ ಅಂಟು, ಯಾಕೆ ಎಂದು ಕೇಳಿದರು. ಹಿಂದಿನ ದಿನದ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಅದರ ಮೇಲೇ ಮಾತು ಹರಿಯಿತು. ತಪ್ಪುಗಳಿದ್ದವು, ನಿಲ್ಲಲಿಲ್ಲ. ಅಡಿಗೆಮನೆಯಲ್ಲಿ ಸಿನ್ಯೋರಾ ಪಾತ್ರೆ ಸದ್ದು ಮಾಡದೆ ನಿಂತಿದ್ದರು. ಕೊನೆಯಲ್ಲಿ ಮೂವರಲ್ಲಿ ಹಿರಿಯರಾದವರು ಕನ್ನಡಕ ತೆಗೆದು, ಸೆಪ್ಟೆಂಬರಿನಲ್ಲಿ ಭೇಟಿಯಾಗೋಣ ಎಂದರು. ಸಿನ್ಯೋರಾ ಓಡಿಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಬರಿಗಾಲು ನೋಡಿ ಬೈದರು.

ನನ್ನನ್ನು ಕರೆದುಕೊಂಡು ಹೋಗಲು ಗಂಡ ಬಂದಾಗ ನಾನು ಸೂಟ್‌ಕೇಸ್ ಹಿಡಿದು ಹೊರಗೇ ನಿಂತಿದ್ದೆ. ಸುದ್ದಿಯನ್ನು ಫೋನಿನಲ್ಲಿ ಹೇಳಿರಲಿಲ್ಲ, ಮುಖ ನೋಡಿ ಹೇಳಬೇಕೆಂದಿತ್ತು. ಅವನು ಕಾರಿಳಿದು ಬಂದವನೇ ನನ್ನ ಹೆಗಲ ಮೇಲೆ ಕೈಹಾಕಿದ.

"ಹೋಗ್ಲಿ ಬಿಡೇ. ಇಷ್ಟಾದ್ರೂ ಟ್ರೈ ಮಾಡಿದ್ಯಲ್ಲ, ಅದೇ ದೊಡ್ಡದು. ಬೇಜಾರ್ ಮಾಡ್ಕೋಬೇಡ. ಡಿಸೆಂಬರಲ್ಲಿ ಇಬ್ರೂ ಇಟಲಿ ಟ್ರಿಪ್ ಮಾಡೋಣ, ಆಯ್ತಾ?"

ನಾನು ಇನ್ನೂ ಬಾಯಿಯೇ ತೆರೆದಿರಲಿಲ್ಲ.

"ಸೀಟು ಸಿಕ್ತು" ಅಂದೆ.

ಅವನು ನಕ್ಕ. ತಮಾಷೆ ಅಂದುಕೊಂಡ. ನಾನು ನಗದೆ ಇದ್ದದ್ದನ್ನು ನೋಡಿ ನಗು ನಿಲ್ಲಿಸಿದ. ಸೂಟ್‌ಕೇಸ್ ಎತ್ತಿ ಡಿಕ್ಕಿಯಲ್ಲಿಟ್ಟ.

"ಅಂದ್ರೆ... ಸೆಪ್ಟೆಂಬರಿಗೆ ನಿಜವಾಗ್ಲೂ ಹೋಗ್ತೀಯಾ?"

"ಇಷ್ಟು ದಿನ ನಾನು ಏನು ಮಾಡ್ತಿದೀನಿ ಅಂದ್ಕೊಂಡಿದ್ದೆ?"

ಅವನು ಕಾರು ಹೊರಡಿಸಿದ. ರೂಟ್ ಫಿಫ್ಟಿಯ ಅರ್ಧ ದಾರಿ ಬಂದ ಮೇಲೆ, ಕೆಂಪು ದೀಪದಲ್ಲಿ ಕಾರು ನಿಂತಾಗ, ರಸ್ತೆಯನ್ನೇ ನೋಡುತ್ತಾ ಹೇಳಿದ: "ಸುಳ್ಳು ಹೇಳಲ್ಲ ಕಣೇ. ಆಗುತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ."

ಅಲ್ಲಿಯವರೆಗೆ ಆ ಒಂದು ತಿಂಗಳಲ್ಲಿ ನನಗೆ ಬಂದಿದ್ದ ಸಿಟ್ಟೆಲ್ಲ ಒಂದು ತೂಕ, ಆಗ ಬಂದದ್ದೇ ಒಂದು ತೂಕ. ಬಾಗಿಲಲ್ಲಿ ಕೈಕಟ್ಟಿ ಕಾವಲು ನಿಂತ ಟೈಲ್ಸ್ ಯಜಮಾನರು, ಬುತ್ತಿ ಹಿಡಿದು ಓಡಿಬಂದ ಆಂಟಿ, ಹೋಳಿಗೆಯ ಸಾಲಿನಲ್ಲಿ ಪಿಸುಗುಟ್ಟಿದವರು, ಇವರೆಲ್ಲ ನನ್ನನ್ನು ತಪ್ಪು ತಿಳಿದಿದ್ದರು, ನಿಜ. ಆದರೆ ನಾನು ಹೊರಟಿದ್ದೇನೆ ಎಂದು ನಂಬಿದ್ದರು. ನಂಬದೆ ಇದ್ದವನು ಇವನೊಬ್ಬನೇ, ಅದಕ್ಕೇ ಅಷ್ಟು ಸಲೀಸಾಗಿ ನಗುತ್ತಿದ್ದ. ಕೂಗಾಡಬೇಕು ಅನ್ನಿಸಿತು. ಅವನ ಮುಖ ನೋಡಿದರೆ ಅಳು ಬಂತು. ಕೂಗಲೂ ಇಲ್ಲ, ಅಳಲೂ ಇಲ್ಲ. ಹಸಿರು ದೀಪ ಬಂತು ಎಂದು ಹೇಳಿದೆ, ಅವನು ಕಾರು ಬಿಟ್ಟ.

ಮನೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಾಗಲೇ ಫೋನು. ಆಂಟಿ. ಈಗ ಎತ್ತಬಹುದಿತ್ತು, ಎತ್ತಿದೆ. ಗಂಡ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಬುತ್ತಿಯ ಡಬ್ಬಿಗಳನ್ನು ತೊಳೆಯತೊಡಗಿದ.

"ಮನಿಗೆ ಬಂದಿಯೇನವ್ವ?"

"ಬಂದೆ ಆಂಟಿ."

"ಛಲೋ ಆತು. ಇನ್ನ ಇಲ್ಲೇ ಇರತೀ ಹೌದಲ್ಲೋ?"

ಅಡಿಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು.

"ಸೆಪ್ಟೆಂಬರ್ ತನಕ ಇರ್ತೀನಿ, ಆಂಟಿ" ಅಂದೆ.